ಗೇಜ್ ಕೂರಿಸಿದ ಮೇಲೆ ಕಾರಿನ ವೈರಿಂಗ್ ತೊಂದರೆ: ನಾನು ಹುಡುಕುವ ರೀತಿ

ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ನೀರಿನ ಟೆಂಪರೇಚರ್ ತೋರಿಸುವ ಮುಳ್ಳೇ ಇರುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಕಾದ ಮೇಲೆ ಕೆಂಪು ದೀಪ, ಅಷ್ಟೇ. ಹಾಗಾಗಿ ಹೊರಗಿನಿಂದ ಟೆಂಪರೇಚರ್, ಆಯಿಲ್ ಪ್ರೆಶರ್, ವೋಲ್ಟ್ ಗೇಜ್ ತಂದು ಕೂರಿಸುವುದು ಒಳ್ಳೆಯ ಕೆಲಸವೇ. ಆದರೆ ಕೂರಿಸಿದ ವಾರದಲ್ಲೇ ಬ್ಯಾಟರಿ ಇಳಿಯುವುದು, ಪಾರ್ಕಿಂಗ್ ಲೈಟ್ ಮಂದವಾಗಿ ಉರಿಯುವುದು, ಇಂಡಿಕೇಟರ್ ಜೊತೆ ಮುಳ್ಳು ಕುಣಿಯುವುದು, ಚೆಕ್ ಎಂಜಿನ್ ದೀಪ ಬರುವುದು ಶುರುವಾಗುತ್ತದೆ. ಆಗ ಗೇಜನ್ನೇ ಬದಲಿಸುವವರು ಹೆಚ್ಚು. ಗೇಜ್ ಕೆಟ್ಟಿರುವುದು ಅಪರೂಪ. ಕರೆಂಟ್ ಎಲ್ಲಿಂದ ತೆಗೆದುಕೊಂಡಿದ್ದೀರಿ, ಅರ್ತಿಂಗ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಎಲ್ಲಿ ಕೊಟ್ಟಿದ್ದೀರಿ, ಸೆನ್ಸರ್ ವೈರ್ ಯಾವುದಕ್ಕೆ ಸೇರಿಸಿದ್ದೀರಿ, ಈ ಮೂರರಲ್ಲೇ ತಪ್ಪು ಸಿಗುತ್ತದೆ.

ಮೊದಲು ಬ್ಯಾಟರಿ ಅಳೆಯಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದ ಬ್ಯಾಟರಿ. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಯೇ ಮುಂದಿನ ಕೆಲಸ. ಅರೆ ಖಾಲಿ ಬ್ಯಾಟರಿ ಇಟ್ಟುಕೊಂಡು ಹುಡುಕಿದರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಎಂಜಿನ್ ಚಾಲೂ ಆದಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ, ಅದನ್ನು ಕಂಡು ಗಾಬರಿ ಬೇಡ. ನಂತರ ಗೇಜ್‌ಗಳ ಫ್ಯೂಸ್ ಕಿತ್ತು ನೋಡಿ. ತೊಂದರೆ ನಿಂತರೆ ದಾರಿ ಸಿಕ್ಕಿತು. ನಿಲ್ಲದಿದ್ದರೂ ಗೇಜ್ ಕೆಲಸ ಕಾರಣವಲ್ಲ ಎಂದುಕೊಳ್ಳಬೇಡಿ. ಫ್ಯೂಸ್ ತೆಗೆದರೂ ಸೆನ್ಸರ್ ವೈರ್ ಮತ್ತು ಗೇಜಿನ ಒಳಗಿನ ಲೈಟಿನ ವೈರ್ ಕಾರಿಗೆ ಅಂಟಿಕೊಂಡೇ ಇರುತ್ತವೆ. ಅವನ್ನೂ ಒಂದೊಂದಾಗಿ ಬಿಡಿಸಿ ನೋಡಬೇಕು.

ನಾನು ಹೆಚ್ಚು ಹೊತ್ತು ಕಳೆಯುವುದು ಅರ್ತಿಂಗ್ ಮೇಲೆ. ಡ್ಯಾಶ್‌ಬೋರ್ಡ್ ಒಳಗೆ ಕೈಗೆ ಸಿಕ್ಕ ಸ್ಕ್ರೂಗೆ ಕಪ್ಪು ವೈರ್ ಸುತ್ತಿಬಿಡುತ್ತಾರೆ. ಆ ಸ್ಕ್ರೂ ಎಷ್ಟೋ ಸಲ ಪ್ಲಾಸ್ಟಿಕ್‌ಗೆ ಹಿಡಿದಿರುವ ತಗಡಿನದ್ದು, ಬಾಡಿಗೆ ಸೇರಿರುವುದೇ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಒಂದೇ ವೈರಿನ ಟೆಂಪರೇಚರ್ ಸೆನ್ಸರ್ ಅರ್ತಿಂಗ್ ಪಡೆಯುವುದು ಎಂಜಿನ್ ಬ್ಲಾಕಿನಿಂದ, ಗೇಜ್ ಪಡೆಯುವುದು ಬಾಡಿಯಿಂದ. ಎಂಜಿನ್ ಮತ್ತು ಬಾಡಿ ನಡುವಿನ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿದ್ದರೆ, ಹೆಡ್‌ಲೈಟ್ ಮತ್ತು ಬ್ಲೋವರ್ ಕರೆಂಟ್ ಆಲ್ಟರ್ನೇಟರ್‌ಗೆ ಮರಳುವಾಗ ಬಾಡಿಯ ವೋಲ್ಟೇಜ್ ಎಂಜಿನ್‌ಗಿಂತ ಸ್ವಲ್ಪ ಮೇಲೇಳುತ್ತದೆ. ಸೆನ್ಸರಿನ ರೆಸಿಸ್ಟೆನ್ಸ್ ಬಿಸಿಯಾದಷ್ಟೂ ಇಳಿಯುವಂಥದ್ದು. ಹೀಗಾಗಿ ಗೇಜ್‌ಗೆ ಸೆನ್ಸರ್ ಇನ್ನೂ ಬಿಸಿಯಾದಂತೆ ಕಾಣುತ್ತದೆ. ಹೆಡ್‌ಲೈಟ್ ಹಾಕಿದ ಕ್ಷಣವೇ ಮುಳ್ಳು ಛಕ್ಕನೆ ಮೇಲೆ ಹೋಗಿ, ಆರಿಸಿದ ಕೂಡಲೇ ಇಳಿದರೆ ಕಾದದ್ದು ನೀರಲ್ಲ. ನೀರು ಅರೆ ಸೆಕೆಂಡಿನಲ್ಲಿ ಕಾಯುವುದೂ ಇಲ್ಲ, ಆರುವುದೂ ಇಲ್ಲ.

ಇದನ್ನು ಅಳೆಯುವುದು ಸುಲಭ. ಎಂಜಿನ್ ಚಾಲೂ ಇಟ್ಟು ಹೆಡ್‌ಲೈಟ್, ಬ್ಲೋವರ್ ಪೂರ್ತಿ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಮೀಟರಿನ ಕೆಂಪು ಪ್ರೋಬನ್ನು ಗೇಜಿನ ಕಪ್ಪು ವೈರ್ ಕೂಡಿಸಿದ ಜಾಗಕ್ಕೂ ಕಪ್ಪು ಪ್ರೋಬನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೂ ಒತ್ತಿ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. 0.3 ಬಂದರೆ ಪಟ್ಟಿಯ ಎರಡೂ ತುದಿ ಬಿಚ್ಚಿ ಉಜ್ಜಬೇಕು. ಓಮ್ಸ್ ಇಟ್ಟು ಬೀಪ್ ಸದ್ದು ಕೇಳಿಸಿಕೊಂಡು ಅರ್ತಿಂಗ್ ಸರಿಯಿದೆ ಎನ್ನುವುದು ಮೋಸ ಹೋಗುವ ದಾರಿ. ಎರಡು ಎಳೆ ಮಾತ್ರ ಉಳಿದ ವೈರ್ ಕೂಡ ಬೀಪ್ ಕೊಡುತ್ತದೆ. ಲೋಡ್ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಹೊಸ ಅರ್ತಿಂಗ್ ಕೊಡುವಾಗ ಬಾಡಿಯ ಪೇಂಟನ್ನು ಒಂದು ರೂಪಾಯಿ ನಾಣ್ಯದಗಲ ಎಮರಿ ಪೇಪರಿನಿಂದ ಉಜ್ಜಿ, ಲೋಹ ಹೊಳೆದ ಮೇಲೆ ರಿಂಗ್ ಥಿಂಬಲ್ (ವೈರಿನ ತುದಿಗೆ ಒತ್ತುವ ಲೋಹದ ಬಳೆ), ಹಲ್ಲಿನ ವಾಷರ್ ಹಾಕಿ 6 ಎಂಎಂ ಬೋಲ್ಟ್ ಬಿಗಿಯುತ್ತೇನೆ. ವ್ಯಾಸಲಿನ್ ಹಚ್ಚುವುದು ಬಿಗಿದ ನಂತರ. ಮೂರು ಗೇಜ್‌ಗಳ ಕಪ್ಪು ವೈರ್ ಒಂದೇ ಜಾಗಕ್ಕೆ ಬರಲಿ, ಆದರೆ ಸ್ಟೀರಿಯೋದ ಅರ್ತಿಂಗ್ ಜೊತೆ ಸೇರಿಸಬೇಡಿ.

ಕರೆಂಟ್ ತೆಗೆಯುವ ಜಾಗದಲ್ಲಿ ಜನ ಎಡವುವುದು ಚಾವಿಯ ಎರಡು ಹಂತಗಳನ್ನು ಒಂದೇ ಎಂದುಕೊಂಡು. ಎಸಿಸಿ ಲೈನ್, ಅಂದರೆ ಸ್ಟೀರಿಯೋದಂಥವಕ್ಕೆ ಕರೆಂಟ್ ಕೊಡುವ ಹಂತ, ಸೆಲ್ಫ್ ಹೊಡೆಯುವಾಗ ಸತ್ತುಹೋಗುತ್ತದೆ. ಅಲ್ಲಿಗೆ ಕೊಟ್ಟರೆ ಪ್ರತಿ ಸ್ಟಾರ್ಟ್‌ಗೂ ಗೇಜ್ ಆರಿ ಮತ್ತೆ ಮುಳ್ಳು ಸುತ್ತಿಸಿಕೊಂಡು ಬರುತ್ತದೆ. ಬೇಕಾದದ್ದು ಇಗ್ನಿಷನ್ ಲೈನ್, ಅಂದರೆ ಎಂಜಿನ್ ಓಡುವಾಗಿನ ಚಾವಿಯ ಹಂತ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಅಳೆಯಿರಿ: ಸೊನ್ನೆಗೆ ಬಿದ್ದರೆ ಎಸಿಸಿ, 10 ವೋಲ್ಟ್ ಆಸುಪಾಸಿನಲ್ಲಿ ನಿಂತರೆ ಇಗ್ನಿಷನ್.

ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸಿನ ಜಾಗದಲ್ಲಿ ಕೂತು, ಹಳೆಯದಕ್ಕೂ ಗೇಜಿನ ಹೊಸ ಫ್ಯೂಸಿಗೂ ಜಾಗ ಕೊಡುವ ಕನೆಕ್ಟರ್) ಹಾಕಿ ತೆಗೆಯುವುದು ವೈರ್ ಕತ್ತರಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಟ್ಯಾಪಿಗೂ ಮುಖ ಉಂಟು. ಹಳೆಯ ಫ್ಯೂಸ್ ಕಿತ್ತು ಚಾವಿ ಹಾಕಿ ಅಳೆದರೆ ಫ್ಯೂಸ್ ಕೂರುವ ಜಾಗದ ಎರಡು ಕಾಲುಗಳಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಇರುತ್ತದೆ. ಎರಡೂ ಫ್ಯೂಸ್‌ಗಳು ನೇರವಾಗಿ ಆ ಕಾಲಿನಿಂದಲೇ ಕರೆಂಟ್ ಪಡೆಯುವಂತೆ ಟ್ಯಾಪ್ ಕೂರಬೇಕು. ತಿರುಗಿಸಿ ಹಾಕಿದರೆ ಗೇಜಿನ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿಯುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್ ಫ್ಯೂಸ್‌ಗಳ ಹತ್ತಿರ ಹೋಗಲೇಬಾರದು. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚುವುದು ಜೀವಕ್ಕೇ ಅಪಾಯ. ಮೂರು ಸಾದಾ ಗೇಜ್ ಸೇರಿ ಸಾಮಾನ್ಯವಾಗಿ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. 0.75 ಸ್ಕ್ವೇರ್ ಎಂಎಂ ವೈರ್, ನೇರಳೆ ಬಣ್ಣದ 3 ಆಂಪಿಯರ್ ಫ್ಯೂಸ್ ಸಾಕು. ಅದು ಸುಟ್ಟರೆ ನೀಲಿಯ 15 ಆಂಪಿಯರ್ ಫ್ಯೂಸ್ ತಂದು ಚುಚ್ಚಬೇಡಿ. ಆಮೇಲೆ ಸುಡುವುದು ವೈರ್.

ಚಾವಿ ತೆಗೆದ ಮೇಲೂ ಪಾರ್ಕಿಂಗ್ ಲೈಟ್ ಮಂದವಾಗಿ ಉರಿಯುತ್ತಿದ್ದರೆ ಗೇಜಿನ ಮೂಲಕ ಹಿಮ್ಮುಖವಾಗಿ ಕರೆಂಟ್ ಹೋಗುತ್ತಿದೆ ಎಂದರ್ಥ. ಕೆಲವು ಗೇಜ್‌ಗಳಿಗೆ ಬ್ಯಾಟರಿಯ ನೇರ ಲೈನ್, ಇಗ್ನಿಷನ್, ಲೈಟ್ ಎಂದು ಮೂರು ವೈರ್ ಬೇಕು. ಅವುಗಳಲ್ಲಿ ಎರಡು ಅದಲು ಬದಲಾಗಿರುತ್ತವೆ. ಗೇಜ್ ಜೊತೆ ಬಂದ ಚೀಟಿ ನೋಡಿಯೇ ಬಣ್ಣ ಹೊಂದಿಸಿ, ಎಲ್ಲ ಕಂಪನಿಗಳದೂ ಒಂದೇ ಬಣ್ಣವಲ್ಲ.

ಹೆಚ್ಚು ಖರ್ಚಿಗೆ ಇಳಿಸುವ ತಪ್ಪು ಸೆನ್ಸರ್ ವೈರಿನದು. ಕಾರಿನಲ್ಲೇ ಟೆಂಪರೇಚರ್ ಸೆನ್ಸರ್ ಇದೆಯಲ್ಲ, ಅದರ ವೈರ್ ಸೀಳಿ ಗೇಜ್‌ಗೆ ಕೊಟ್ಟರಾಯಿತು ಎಂದುಕೊಳ್ಳುತ್ತಾರೆ. ಆ ವೈರಿನಲ್ಲಿ ಎಂಜಿನ್ ಕಂಪ್ಯೂಟರ್ ಕಳಿಸುವುದು 5 ವೋಲ್ಟ್. ಗೇಜ್ ತನ್ನ 12 ವೋಲ್ಟಿನಿಂದ ಅದನ್ನು ಮೇಲಕ್ಕೆಳೆದರೆ ಕಂಪ್ಯೂಟರ್‌ಗೆ ಎಂಜಿನ್ ಇನ್ನೂ ತಣ್ಣಗಿದೆ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ ಬರುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0118 (ಟೆಂಪರೇಚರ್ ಸೆನ್ಸರ್ ಲೈನಿನಲ್ಲಿ ವೋಲ್ಟೇಜ್ ಹೆಚ್ಚು) ಕೋಡ್ ಕಾಣಬಹುದು. ರೇಡಿಯೇಟರ್ ಫ್ಯಾನ್ ಎಷ್ಟೋ ಗಾಡಿಗಳಲ್ಲಿ ನಿಲ್ಲದೆ ತಿರುಗುತ್ತದೆ. ಲೆಕ್ಕ ತುಸುವೇ ತಪ್ಪಿದ್ದರೆ ತಡವಾಗಿ ತಿರುಗುತ್ತದೆ. ನಮ್ಮ ಬಿಸಿಲಿಗೆ ಈ ತಡವೇ ಹೆಚ್ಚು ಅಪಾಯ. ಕಂಪ್ಯೂಟರಿನ ಒಳಗಿನ ಸರ್ಕ್ಯೂಟ್ ಸುಡುವ ಸಂಭವವೂ ಇದೆ. ಗೇಜ್‌ಗೆ ಅದರದೇ ಸೆನ್ಸರ್ ಇರಲಿ.

ಆ ಸೆನ್ಸರನ್ನು ರೇಡಿಯೇಟರ್ ಮೇಲಿನ ಹೋಸಿಗೆ ಅಲ್ಯೂಮಿನಿಯಂ ಅಡಾಪ್ಟರ್ ಹಾಕಿ ಕೂರಿಸುವುದು ವಾಡಿಕೆ. ಅಡಾಪ್ಟರಿನ ಎರಡೂ ಕಡೆ ಇರುವುದು ರಬ್ಬರ್, ಅರ್ತಿಂಗ್ ಸಿಗುವುದಾದರೂ ಹೇಗೆ? ಒಂದೇ ವೈರಿನ ಸೆನ್ಸರಾದರೆ ಮುಳ್ಳು ಏಳುವುದೇ ಇಲ್ಲ, ಅಥವಾ ಮನಸ್ಸಿಗೆ ಬಂದಂತೆ ತೋರಿಸುತ್ತದೆ. ಅಡಾಪ್ಟರಿನ ಸಣ್ಣ ಸ್ಕ್ರೂನಿಂದ ಎಂಜಿನ್ ಬ್ಲಾಕಿಗೆ ಒಂದು ವೈರ್ ಎಳೆಯಬೇಕು. ಬ್ಲಾಕಿಗೇ ಸೆನ್ಸರ್ ಹಾಕುವುದಾದರೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ, ಅರ್ತಿಂಗ್ ತಪ್ಪುತ್ತದೆ. ಆಯಿಲ್ ಪ್ರೆಶರ್ ಸೆನ್ಸರಿನ ಮರೆಯನ್ನೂ (ತಿರುಪಿನ ಥ್ರೆಡ್) ನೋಡಿಕೊಳ್ಳಿ. 1/8 ಎನ್‌ಪಿಟಿಗೆ (ಅಮೆರಿಕನ್ ಪೈಪ್ ಥ್ರೆಡ್) ಇಂಚಿಗೆ 27 ಮರೆ, ಜಪಾನಿ ಎಂಜಿನ್‌ಗಳಲ್ಲಿ ಹೆಚ್ಚಾಗಿ ಸಿಗುವ 1/8 ಬಿಎಸ್‌ಪಿಟಿಗೆ (ಬ್ರಿಟಿಷ್ ಪೈಪ್ ಥ್ರೆಡ್) 28. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿಯೇ ನಿಲ್ಲಿಸಿ ಸರಿಯಾದ ಅಡಾಪ್ಟರ್ ತನ್ನಿ, ಜೋರು ಮಾಡಿದರೆ ಬ್ಲಾಕಿನ ಮರೆ ಹೋಗುತ್ತದೆ.

ಬ್ಯಾಟರಿ ಇಳಿಯುವ ತೊಂದರೆಗೆ ಸೋರಿಕೆ ಅಳೆಯಬೇಕು. ಚಾವಿ ತೆಗೆದು, ಬಾನೆಟ್ ಎತ್ತಿಟ್ಟು, ಮೈನಸ್ ಟರ್ಮಿನಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಟರ್ಮಿನಲ್ ಮತ್ತು ಕೇಬಲ್ ನಡುವೆ ಸೇರಿಸಿ. ಹಾಗೆ ಸೇರಿಸಿಟ್ಟಾಗ ಸೆಲ್ಫ್ ಹೊಡೆಯಬಾರದು, ಬಾಗಿಲು ತೆರೆಯಬಾರದು. ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. 50 ಮಿಲಿ ಆಂಪಿಯರ್ ಒಳಗೆ ಬಂದರೆ ಸರಿ. 200 ಇದ್ದರೆ ದಿನಕ್ಕೆ 4.8 ಆಂಪಿಯರ್ ಅವರ್ ಸೋರುತ್ತದೆ, 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಗೇಜಿನ ಫ್ಯೂಸ್ ಕಿತ್ತಾಗ ಅಂಕಿ ಇಳಿದರೆ, ಇಗ್ನಿಷನ್‌ಗೆ ಹೋಗಬೇಕಾದ ಕೆಂಪು ವೈರ್ ನೇರ ಬ್ಯಾಟರಿ ಲೈನಿಗೆ ಹೋಗಿದೆ ಎಂದು ತಿಳಿಯಿರಿ.

ಇನ್ನು ಜಾಯಿಂಟ್. ತೋರಣಗಲ್ಲು, ಸಂಡೂರು ಕಡೆ ಓಡಾಡುವ ಗಾಡಿಯ ಬಾನೆಟ್ ಎತ್ತಿದರೆ ಕೆಂಪು ಅದಿರಿನ ಪುಡಿ ಪ್ರತಿ ಕನೆಕ್ಟರಿನ ಸಂದಿಯಲ್ಲೂ ಕೂತಿರುತ್ತದೆ. ಮಳೆಗಾಲದಲ್ಲಿ ಅದು ತೇವ ಹಿಡಿದಿಟ್ಟುಕೊಂಡು ತಾಮ್ರವನ್ನು ಹಸಿರಾಗಿಸುತ್ತದೆ. ವೈರಿನ ಸಿಪ್ಪೆ ಸೀಳಿ ಕಚ್ಚುವ ನೀಲಿ ಕ್ಲಿಪ್ಪು ಬಾನೆಟ್ ಒಳಗೆ ಬೇಡವೇ ಬೇಡ. ಬರೀ ಹೆಣೆದು ಟೇಪ್ ಸುತ್ತಿದ್ದರೆ ಬೇಸಿಗೆಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸರಿಯಾದ ಅಳತೆಯ ಥಿಂಬಲನ್ನು ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಎಳೆದು ನೋಡಿ, ಅದರ ಮೇಲೆ, ಒಳಬದಿಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರ್ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ನಿಧಾನವಾಗಿ ಸಿಪ್ಪೆ ಕೊಯ್ಯುತ್ತದೆ.

ಎಲ್ಲ ಮುಗಿದ ಮೇಲೆ ಎಸಿ, ಹೆಡ್‌ಲೈಟ್ ಹಾಕಿ ಅರ್ಧ ಗಂಟೆ ಓಡಿಸಿ, ಟ್ಯಾಪ್ ಮತ್ತು ಥಿಂಬಲ್ ಮುಟ್ಟಿ ನೋಡುತ್ತೇನೆ. ಬೆಚ್ಚಗಾಗಿದ್ದರೆ ಆ ಜಾಯಿಂಟ್ ಮತ್ತೆ ಮಾಡುತ್ತೇನೆ. ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ, ಎಷ್ಟು ಆಂಪಿಯರ್ ಫ್ಯೂಸ್ ಎಂದು ಚೀಟಿ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಮುಂದೆ ಆ ಗಾಡಿಗೆ ಕೈ ಹಾಕುವ ಎಲೆಕ್ಟ್ರಿಷಿಯನ್ ಬೇರೆಯವರಿರಬಹುದು.