ವಂಶಾವಳಿಯನ್ನು ನಾನು ಪೂರ್ತಿ ಗುತ್ತಿಗೆಗೆ ಕೊಡಲಿಲ್ಲ

ಕಳೆದ ಚೌತಿಗೆ ಕುಮಟೆಯ ನಮ್ಮ ಮೂಲಮನೆಯ ಜಗಲಿಯ ಗೋಡೆಗೆ ಒಂಬತ್ತು ತಲೆಮಾರಿನ ವಂಶವೃಕ್ಷವನ್ನು ತೂಗುಹಾಕಿದೆ. "ತಮ್ಮಾ, ಇದು ನಿನ್ನಿಂದಾಗುವ ಕೆಲಸವಲ್ಲ, ದುಡ್ಡು ಕೊಟ್ಟು ತಿಳಿದವರಿಂದ ಮಾಡಿಸು" ಎಂದು ಐದು ವರ್ಷ ಹೇಳುತ್ತಲೇ ಬಂದಿದ್ದ ನಮ್ಮ ದೊಡ್ಡಪ್ಪನ ಮಗ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಅದರ ಮುಂದೆ ನಿಂತಿದ್ದರು. ಕೊನೆಗೆ ಒಂದು ತಪ್ಪನ್ನೂ ಹಿಡಿಯಲಾಗದೆ ಊಟಕ್ಕೆ ಎದ್ದರು.

ನಿಜ ಹೇಳಬೇಕೆಂದರೆ ಮೊದಲು ನಾನು ಅವರ ಮಾತನ್ನೇ ಕೇಳಿದ್ದೆ. ಮುಂಬಯಿಯಲ್ಲಿದ್ದುಕೊಂಡು ವಂಶಾವಳಿ ಬರೆದುಕೊಡುವ ಒಬ್ಬರು ಇಡೀ ಕೆಲಸಕ್ಕೆ 60,000 ರೂಪಾಯಿ ಹೇಳಿದರು. 15,000 ಮುಂಗಡ ಕೊಟ್ಟೆ. ಏಳೆಂಟು ತಿಂಗಳ ಮೇಲೆ ಹನ್ನೊಂದು ಪುಟ ಬಂತು. ನಾಲ್ಕು ಪುಟದ ತುಂಬ ಪರಶುರಾಮನ ಕಥೆ, ಉಳಿದುದರಲ್ಲಿ ನಾನೇ ಬರೆದು ಕಳಿಸಿದ್ದ ಹೆಸರುಗಳು ಅಂದವಾಗಿ ಅಚ್ಚಾಗಿದ್ದವು. ಹೊಸದಾಗಿ ಸೇರಿದ್ದ ಮೂರು ಹೆಸರುಗಳನ್ನು ಎಲ್ಲಿಂದ ತೆಗೆದರೆಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಕೇಳಿದ್ದಕ್ಕೆ ಅದು ವೃತ್ತಿಯ ಗುಟ್ಟು ಎಂಬ ಉತ್ತರ ಬಂತು. ಉಳಿದ ಹಣ ಕೊಡದೆ ಅಲ್ಲಿಗೇ ನಿಲ್ಲಿಸಿದೆ, ಮುಂಗಡವಂತೂ ಹೋಯಿತು.

ಆಮೇಲೆ ನಾನೇ ಕೈಹಾಕಿ ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿ ಈ ಕೆಲಸ ಮಾಡುವವರನ್ನು ಹೇಗೆ ಗೋಳುಹೊಯ್ದುಕೊಳ್ಳುತ್ತದೆಂಬುದನ್ನು ಬಲ್ಲವರೇ ಬಲ್ಲರು. ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಗಣಪತಿ. ಪಕ್ಕದ ಕವಲಿನಲ್ಲಿಯೂ ಅದೇ ಕಾಲಕ್ಕೆ ಅವೇ ಎರಡು ಹೆಸರುಗಳು. ಇಬ್ಬರು ಗಣಪತಿಗಳನ್ನು ಒಬ್ಬನೆಂದು ಎಣಿಸಿ ಸುಮಾರು ಎರಡು ವರ್ಷ ತಪ್ಪು ಕವಲಿನ ಬೆನ್ನು ಹತ್ತಿ, ಕಾರವಾರಕ್ಕೆ ಹತ್ತು ಹನ್ನೆರಡು ಬಾರಿಯಾದರೂ ಬಸ್ಸಿನಲ್ಲಿ ಓಡಾಡಿದೆ. ಬಿಡಿಸಿದ್ದು ನಮ್ಮ ಪುರೋಹಿತರ ಹಳೆಯ ಟಿಪ್ಪಣಿ ಪುಸ್ತಕ. ಶ್ರಾದ್ಧದ ತಿಥಿಯ ಪಟ್ಟಿಯಲ್ಲಿ ಒಬ್ಬ ಗಣಪತಿಗೆ ಮಾರ್ಗಶಿರ ಶುದ್ಧ ಸಪ್ತಮಿ, ಇನ್ನೊಬ್ಬನಿಗೆ ವೈಶಾಖ ಬಹುಳ ದಶಮಿ. ಹೆಸರು ಒಂದಾದರೂ ಸತ್ತ ತಿಥಿ ಒಂದಾಗುವುದು ಅಪರೂಪ. ಅಂದಿನಿಂದ ನನ್ನ ಪಟ್ಟಿಯಲ್ಲಿ ಪ್ರತಿ ಗಂಡಸಿನ ಹೆಸರಿನ ಮುಂದೆ ಮೊದಲು ತಿಥಿ, ಆಮೇಲೆ ಇಸವಿ. ತಿಥಿ ಮರೆತುಹೋದ ಮನೆಗಳಲ್ಲಿ ಅದನ್ನು ಹೊರತೆಗೆಯುವ ಒಂದು ಉಪಾಯ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೆಂಗಸರ ವಿಷಯದಲ್ಲಿ ತಿಥಿಯೂ ಸಾಲದು. ಮದುವೆಯಲ್ಲಿ ಹೆಸರು ಬದಲಾಯಿಸುವ ಪದ್ಧತಿಯಿದ್ದ ಮನೆತನ ನಮ್ಮದು; ಸೊಸೆಯ ತವರಿನ ಹೆಸರು ಯಾವ ಕಾಗದದಲ್ಲಿಯೂ ಸಿಗುವುದಿಲ್ಲ. ಒಂದು ಮಳೆಗಾಲ ಮಾಡಲು ಕೆಲಸವಿಲ್ಲದೆ ಅಟ್ಟದ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಇಳಿಸಿ, ಹುಣಸೆಹಣ್ಣಿನಿಂದ ತಿಕ್ಕಿ, ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿದ ಅಕ್ಷರಗಳ ಫೋಟೋ ತೆಗೆದೆ. ಮದುವೆಗೆ ಉಡುಗೊರೆ ಕೊಟ್ಟವರು ತಮ್ಮ ಹೆಸರನ್ನೂ ಕೆಲವೊಮ್ಮೆ ಊರನ್ನೂ ಕೆತ್ತಿಸುತ್ತಿದ್ದರಲ್ಲ! ನಲವತ್ತೆರಡು ಪಾತ್ರೆಗಳಲ್ಲಿ ಹದಿನೇಳರಲ್ಲಿ ಓದಬಹುದಾದ ಹೆಸರಿತ್ತು. ಅವುಗಳಿಂದ ಐವರು ಮುತ್ತಜ್ಜಿಯರ ತವರುಮನೆ ಅಂಕೋಲೆ, ಹೊನ್ನಾವರಗಳಲ್ಲಿ ಪತ್ತೆಯಾಯಿತು. ಹಂಡೆಯ ಬುಡ ನೋಡುವ ವೃತ್ತಿಪರರನ್ನು ನಾನಂತೂ ಕಂಡಿಲ್ಲ. ಇದೇ ಹುರುಪಿನಲ್ಲಿ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದೆ. ಸುಮಾರು 6,500 ರೂಪಾಯಿ ಖರ್ಚಾಗಿ, ಅಮೆರಿಕದಲ್ಲಿರುವ ಯಾವನೋ ದೂರದ ಸಂಬಂಧಿ ಎಂಬ ಒಂದು ಸಾಲು ಬಂತು; ಅವನಿಗೆ ಪತ್ರ ಬರೆದೆ, ಉತ್ತರವಿಲ್ಲ.

ಹಾಗಾದರೆ ವೃತ್ತಿಪರರೇ ಬೇಡವೇ ಎಂದರೆ, ಬೇಕು. ಸಂಶೋಧನೆಯನ್ನು ಅವರಿಗೆ ಒಪ್ಪಿಸಬಾರದು. ನಮಗೆ ಓದಲು ಬಾರದ ಲಿಪಿಯನ್ನು, ನಾವು ಹೋಗಿ ತಿಂಗಳುಗಟ್ಟಲೆ ಕೂರಲಾಗದ ಊರನ್ನು ಮಾತ್ರ ಒಪ್ಪಿಸಬೇಕು. ನನ್ನ ಅಜ್ಜನ ಅಪ್ಪ ಸಿಂಹಸ್ಥ ಕುಂಭಮೇಳಕ್ಕೆಂದು ನಾಸಿಕ, ತ್ರ್ಯಂಬಕಕ್ಕೆ ಹೋಗಿದ್ದರೆಂಬ ಮಾತು ಮನೆಯಲ್ಲಿತ್ತು. ತ್ರ್ಯಂಬಕೇಶ್ವರದ ತೀರ್ಥಪುರೋಹಿತರು ಬಂದವರ ನಾಮಾವಳಿಯನ್ನು ಪುಸ್ತಕಗಳಲ್ಲಿ ಬರೆದಿಡುವವರು. ಅಡ್ಡಹೆಸರು, ಊರು ಹೇಳಿದರೆ ಹುಡುಕುತ್ತಾರೆ. ನಮ್ಮ ಕುಟುಂಬವನ್ನೇ ಒಂದೆಡೆ ಶಾನಭಾಗರೆಂದೂ ಇನ್ನೊಂದೆಡೆ ಊರ ಹೆಸರಿನಿಂದಲೂ ಬರೆದಿದ್ದರಿಂದ ಮೊದಲ ಸಲ ಬರಿಗೈಯಲ್ಲಿ ಮರಳಿದೆ. ಎರಡನೆಯ ಸಲ ಸಿಕ್ಕಿತು. ಅಣ್ಣತಮ್ಮಂದಿರ, ಮಕ್ಕಳ ಹೆಸರುಗಳೆಲ್ಲ ಇದ್ದವು, ಆದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಅಟ್ಟದ ಲೆಕ್ಕದ ಪುಸ್ತಕಗಳೂ ಮೋಡಿಯಲ್ಲಿಯೇ ಇದ್ದವು. ಬೆಳಗಾವಿಯಲ್ಲಿ ಮೋಡಿ ಓದುವ ನಿವೃತ್ತರೊಬ್ಬರು ಸಿಕ್ಕಿದರು. ಪುಟಕ್ಕೆ 150ರಂತೆ ಅರವತ್ತು ಪುಟ ಓದಿಸಿದೆ. ಎಲ್ಲವನ್ನೂ ಕೊಡುವ ಮೊದಲು ನನಗೆ ಉತ್ತರ ಗೊತ್ತಿದ್ದ ಒಂದು ಪುಟವನ್ನು ಮೊದಲ ಕೆಲವು ಪುಟಗಳ ನಡುವೆ ಸೇರಿಸಿ ಕಳಿಸಿದ್ದೆ. ಅದನ್ನು ಸರಿಯಾಗಿ ಓದಿ ಕಳಿಸಿದ ಮೇಲೆಯೇ ಉಳಿದವು ಹೋದವು. ಈ ಒಂದು ಪರೀಕ್ಷೆಯನ್ನು ಮುಂಬಯಿಯವರಿಗೆ ಕೊಟ್ಟಿದ್ದರೆ 15,000 ಉಳಿಯುತ್ತಿತ್ತು.

ಕಚೇರಿಯ ಕಾಗದಗಳಲ್ಲಿ ಪಹಣಿ, ವಾರಸಾ ನೋಂದಣಿಗಳ ಬಗ್ಗೆ ಹೇಳುವ ಅಗತ್ಯವಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಶಿರಸಿಯ ಕವಲಿನವರು ಅಡಿಕೆ ತೋಟಕ್ಕಾಗಿ ಮಾಡಿದ ಹಳೆಯ ಪಾಲಿನ ದಾವೆ. ದಾಯಾದಿಗಳು ಜಗಳವಾಡಿದಲ್ಲಿ ವಂಶವೃಕ್ಷ ಇದ್ದೇ ಇರುತ್ತದೆ, ಅದೂ ಎದುರು ಪಕ್ಷದವರು ಒಂದೊಂದು ಹೆಸರನ್ನೂ ಜಗ್ಗಿ ನೋಡಿದ ಮೇಲೆ ಉಳಿದ ವಂಶವೃಕ್ಷ. ಅದರಲ್ಲಿಯೇ ಐದು ತಲೆಮಾರು ಸಿಕ್ಕಿತು. ಅದಕ್ಕೂ ಹಿಂದಕ್ಕೆ ಹೋಗುವವರು ನಮ್ಮ ಜಿಲ್ಲೆ 1862ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತೆಂಬುದನ್ನು ಮರೆಯದೆ ಚೆನ್ನೈ ಕಡೆಗೂ ನೋಡಬೇಕು. ಮುಂಬಯಿಯ ಪತ್ರಾಗಾರದಲ್ಲಿ ಅದಕ್ಕಿಂತ ಹಿಂದಿನದನ್ನು ಹುಡುಕುತ್ತ ನಾನು ಒಂದು ವಾರ ಹಾಳುಮಾಡಿಕೊಂಡೆ. ಘಟ್ಟದಾಚೆಯ ಒಕ್ಕಲು ಮನೆತನದವರಾದರೆ ನಿಮಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಮನೆಮನೆಗೆ ಬಂದು ವಂಶ ಹೇಳುವ ಅವರಿಗಿಂತ ಹಳೆಯ ವೃತ್ತಿಪರರು ಯಾರು? ಬೇರೆಯವರಿಗೆ ಮುಂಗಡ ಕೊಡುವ ಮುನ್ನ ಅವರನ್ನು ಕೂರಿಸಿ ಕೇಳಿ. ಕರಾವಳಿಯ ನಮ್ಮಂಥವರ ಮನೆಗೆ ಅವರು ಬರುವುದಿಲ್ಲ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ, ನಕಲು ಪ್ರತಿಗಳಿಗೆ 4,000, ಓಡಾಟಕ್ಕೆ 12,000, ಮೋಡಿಗೆ 9,000, ಜೊತೆಗೆ ಆ ಡಿಎನ್‌ಎ, ಹೆಚ್ಚುಕಡಿಮೆ 32,000. ಕಳೆದುಹೋದ ಮುಂಗಡವನ್ನು ಸೇರಿಸಿದರೆ ಮುಂಬಯಿಯವರು ಹೇಳಿದ ಮೊತ್ತಕ್ಕಿಂತ ಬಹಳ ಕಡಿಮೆಯೇನಲ್ಲ ಎಂದು ದೊಡ್ಡಪ್ಪನ ಮಗನಾದ ಆ ಅಣ್ಣ ಈಗಲೂ ಚುಚ್ಚುತ್ತಾರೆ. ಆದರೆ ನನ್ನ ಪ್ರತಿ ಹೆಸರಿನ ಹಿಂದೆ ಒಂದು ಕಾಗದವಿದೆ, ಇಲ್ಲವಾದರೆ ಒಂದು ಹಂಡೆಯಿದೆ.

ಹತ್ತನೆಯ ತಲೆಮಾರಿಗೆ ಗೋವೆಗೆ ಹೋಗಬೇಕು. ನಮ್ಮ ಕುಲದೇವಿ ಅಲ್ಲಿನ ಮಾರ್ದೋಳದ ಮಹಾಲಸೆ, ಅಂದರೆ ನಮ್ಮ ಮೂಲ ಅಲ್ಲಿಯದು. ಆ ಕಾಲದ ಕಾಗದಗಳು ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸಿನಲ್ಲಿವೆ, ಅದನ್ನು ಈ ವಯಸ್ಸಿನಲ್ಲಿ ಕಲಿಯಲಾರೆ. ಅಲ್ಲಿಯೇ ಓದುವವರೊಬ್ಬರನ್ನು ದಿನಕ್ಕಿಷ್ಟು ಎಂದು ಗೊತ್ತುಮಾಡಿದ್ದೇನೆ, ಮುಂಗಡವಿಲ್ಲ, ಕಂಡ ಪುಟದ ಫೋಟೋ ಬಂದ ಮೇಲೆಯೇ ಹಣ. ಅರ್ಧ ಖರ್ಚು ತಾವು ಕೊಡುವುದಾಗಿ ಅಣ್ಣ ಹೇಳಿದ್ದಾರೆ, ಇನ್ನೂ ಕೊಟ್ಟಿಲ್ಲ.