ನಲವತ್ತು ಸಾವಿರ ಲೀಟರ್ ನೀರನ್ನು ಚೆಲ್ಲದೆ ಕಾಪಾಡಿಕೊಂಡ ಬಗೆ

ಅವ್ವನ ಮಂಡಿನೋವಿಗೆ ನೀರೊಳಗೆ ನಡೆಯುವ ವ್ಯಾಯಾಮ ಒಳ್ಳೆಯದೆಂದು ವೈದ್ಯರು ಹೇಳಿದ ಮೇಲೆ ಮನೆಯ ಹಿಂದೆ ಈಜುಕೊಳ ಕಟ್ಟಿಸಿದೆವು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ. ಅಂದರೆ 40 ಸಾವಿರ ಲೀಟರ್ ನೀರು. ಮನೆ ಇರುವುದು ಚಿತ್ರದುರ್ಗದ ಹೊರವಲಯದಲ್ಲಿ, ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ತಡೆಯಿಲ್ಲದೆ ಬೀಸುವ ಜಾಗದಲ್ಲಿ.

ಮೊದಲ ವರ್ಷ ಮೇ ತಿಂಗಳಲ್ಲಿ ಮದುವೆಗೆಂದು ಹತ್ತು ದಿನ ಊರು ಬಿಟ್ಟಿದ್ದೆವು. ಹಿಂದಿರುಗಿದಾಗ ಕೊಳ ಕೆರೆಯಂತೆ ಹಸಿರಾಗಿತ್ತು. ನೋಡಿಕೊಳ್ಳಲು ಬರುತ್ತಿದ್ದವರು ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿ ಎಂದರು. ನಾನೂ ಒಪ್ಪಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ಚರಂಡಿಗೆ ಹರಿಯಿತು. ನಲ್ಲಿಗೆ ನೀರು ಬಿಡುವುದನ್ನೇ ಕಾಯುತ್ತಾ ಕೊಡ ಇಟ್ಟುಕೊಂಡು ನಿಂತಿದ್ದ ಪಕ್ಕದ ಮನೆಯಾಕೆ, "ಅಕ್ಕಾ, ಬಿಡುವ ಮೊದಲು ಒಂದು ಮಾತು ಹೇಳಿದ್ದರೆ ಎಮ್ಮೆಗಳನ್ನಾದರೂ ತೊಳೆದುಕೊಳ್ಳುತ್ತಿದ್ದೆವು" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ನನಗೆ ಹೆಚ್ಚು ನಾಟಿತು. ಮತ್ತೆ ತುಂಬಿಸಲು 5 ಸಾವಿರ ಲೀಟರಿನ ಎಂಟು ಟ್ಯಾಂಕರ್ ಬೇಕಾದವು. ಎರಡು ದಿನ ಬಿಸಿಲಿಗೆ ಒಣಗಿದ ಕೊಳದ ಟೈಲ್ಸ್ ಸಂದುಗಳು ಬಿರುಕು ಬಿಟ್ಟದ್ದು ಬೇರೆ.

ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದನ್ನು ನೋಡಲು 2022ರವರೆಗೆ ಕಾದ ಜಿಲ್ಲೆ ನಮ್ಮದು. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ ಇಳಿಯುವಂತೆ ಕೋಟೆಯೊಳಗೆ ನೀರು ಹಿಡಿದಿಟ್ಟವರ ಊರಿನಲ್ಲಿ ಕುಳಿತು 40 ಸಾವಿರ ಲೀಟರ್ ಚೆಲ್ಲಿದ್ದು ತಪ್ಪು. ಅಂದಿನಿಂದ ಕೊಳದ ಕೆಲಸವನ್ನು ನಾನೇ ವಹಿಸಿಕೊಂಡೆ. ಒಮ್ಮೆ ತುಂಬಿದ ನೀರನ್ನು ಪೂರ್ತಿ ಖಾಲಿ ಮಾಡುವ ಪ್ರಸಂಗವೇ ಬರಬಾರದು, ಅಷ್ಟೇ ನನ್ನ ಗುರಿ.

ಮೊದಲು ಕಲಿತದ್ದು ಅಳೆಯುವುದನ್ನು. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಶುದ್ಧವಾಗಿದೆ ಎಂದುಕೊಂಡಿದ್ದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಂದ ಮೇಲೆ ತಿಳಿಯಿತು, ನಮ್ಮ ಕೊಳದ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ, ಸದಾ 8ರ ಆಸುಪಾಸಿನಲ್ಲಿತ್ತು. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಸುಮಾರು ಅರ್ಧದಷ್ಟು ಚುರುಕಾಗಿ ಕೆಲಸ ಮಾಡುತ್ತದೆ, 8ಕ್ಕೆ ಏರಿದರೆ ಕಾಲು ಭಾಗದಷ್ಟೇ. ಇಷ್ಟು ದಿನ ಹಾಕಿದ ಕ್ಲೋರಿನ್ ಬಹುಪಾಲು ವ್ಯರ್ಥವಾಗಿತ್ತು. ಈಗ ಬೇಸಿಗೆಯಲ್ಲಿ ದಿನವೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನ ಅಳೆದು ಡೈರಿಯಲ್ಲಿ ಬರೆಯುತ್ತೇನೆ. ಪಿಎಚ್ 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಒಳಗಿರಬೇಕು. ವಾರಕ್ಕೊಮ್ಮೆ ಕ್ಷಾರೀಯತೆ ನೋಡುತ್ತೇನೆ, ಅದು 80ರಿಂದ 120 ಪಿಪಿಎಂ ಒಳಗೆ ಇದ್ದರೆ ಪಿಎಚ್ ಹೆಚ್ಚು ಹಾರಾಡುವುದಿಲ್ಲ.

ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತೇನೆ. ಬಕೆಟ್‌ಗೆ ಮೊದಲು ನೀರು, ಆಮೇಲೆ ಆಮ್ಲ. ಈ ಕ್ರಮ ಎಂದೂ ತಿರುಗುಮುರುಗಾಗಬಾರದು. ಕಾಲು ಲೀಟರ್ ಹಾಕಿ, ನಾಲ್ಕು ಗಂಟೆ ಪಂಪ್ ಓಡಿಸಿ, ಮತ್ತೆ ಅಳೆದೇ ಮುಂದಿನ ಹೆಜ್ಜೆ. ಆಮ್ಲದ ಕ್ಯಾನ್ ಒಂದು ಕೋಣೆಯಲ್ಲಿ, ಕ್ಲೋರಿನ್ ಇನ್ನೊಂದರಲ್ಲಿ. ಅವೆರಡು ಸೇರಿದರೆ ಏಳುವುದು ವಿಷಾನಿಲ. ಬ್ಲೀಚಿಂಗ್ ಪೌಡರ್ ಅಳೆದ ಸೌಟನ್ನು ಕ್ಲೋರಿನ್ ಮಾತ್ರೆಯ ಡಬ್ಬಿಗೆ ಹಾಕುವುದೂ ಅಷ್ಟೇ ಅಪಾಯ, ಸ್ಫೋಟವೇ ಆಗಬಹುದು. ಈ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ನಾನು ಸಲಿಗೆ ಕೊಟ್ಟಿಲ್ಲ.

ಕ್ಲೋರಿನ್ ಯಾವ ರೂಪದಲ್ಲಿ ಹಾಕಬೇಕೆಂಬುದು ನಮ್ಮ ನೀರಿಗೆ ದೊಡ್ಡ ಪ್ರಶ್ನೆ. ಮೊದಲ ವರ್ಷ ಬ್ಲೀಚಿಂಗ್ ಪೌಡರ್ ಸುರಿದೆವು. ಕೊಳವೆಬಾವಿಯ ನೀರು ಮೊದಲೇ ಗಡಸು, ಅದಕ್ಕೆ ಪೌಡರಿನ ಸುಣ್ಣವೂ ಸೇರಿ ನೀರು ಹಾಲಿನಂತೆ ಮಸುಕಾಗುತ್ತಿತ್ತು, ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟುತ್ತಿತ್ತು. ನಿಧಾನವಾಗಿ ಕರಗುವ ಮಾತ್ರೆಗಳು ಅನುಕೂಲವೇನೋ ಹೌದು, ಆದರೆ ಪ್ರತಿ ಮಾತ್ರೆಯೂ ನೀರಿನಲ್ಲಿ ಸಯನ್ಯೂರಿಕ್ ಆಮ್ಲ ಬಿಟ್ಟುಹೋಗುತ್ತದೆ. ಬಿಸಿಲಿನಿಂದ ಕ್ಲೋರಿನ್ ಉಳಿಸಲು ಅದು 30ರಿಂದ 50 ಪಿಪಿಎಂ ಇರಬೇಕು. ಅದಕ್ಕಿಂತ ಬಹಳ ಏರಿದರೆ ಕ್ಲೋರಿನ್ನನ್ನೇ ಮಂಕಾಗಿಸುತ್ತದೆ, ಕಡಿಮೆ ಮಾಡಲು ನೀರು ಚೆಲ್ಲುವುದೇ ಸುಲಭದ ದಾರಿ. ನೀರು ಚೆಲ್ಲಬಾರದೆಂದು ಹೊರಟವಳು ಬರೀ ಮಾತ್ರೆ ನಂಬುವಂತಿಲ್ಲ. ಹಾಗಾಗಿ ದಿನನಿತ್ಯಕ್ಕೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಊರಿಗೆ ಹೋಗುವ ವಾರಗಳಲ್ಲಿ ಮಾತ್ರ ಮಾತ್ರೆ. ಶೇ 10ರ ದ್ರಾವಣವಾದರೆ 400 ಮಿಲಿಲೀಟರ್ ನಮ್ಮ ಕೊಳದ ಕ್ಲೋರಿನ್ನನ್ನು 1 ಪಿಪಿಎಂ ಏರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಹಾಕುತ್ತೇನೆ. ಸೆಕೆಗೆ ಈ ದ್ರಾವಣದ ಶಕ್ತಿ ಕುಂದುವುದರಿಂದ ತಿಂಗಳಿಗೆ ಬೇಕಾದಷ್ಟನ್ನೇ ತಂದು ನೆರಳಲ್ಲಿ ಇಡುತ್ತೇನೆ.

ಪಂಪ್ ಗಂಟೆಗೆ 8 ಸಾವಿರ ಲೀಟರ್ ಎಳೆಯುತ್ತದೆ. ಐದು ಗಂಟೆಗೆ ಒಂದು ಸುತ್ತು. ಚಳಿಗಾಲದಲ್ಲಿ ದಿನಕ್ಕೆ ಆರು ಗಂಟೆ ಓಡಿಸುತ್ತೇನೆ, ಬೇಸಿಗೆಯಲ್ಲಿ ಒಂಬತ್ತು. ಮರಳಿನ ಫಿಲ್ಟರ್‌ನ ಒತ್ತಡದ ಗೇಜ್ ಮರಳು ಶುದ್ಧವಾಗಿದ್ದಾಗ 10 ತೋರಿಸುತ್ತದೆ, 18ಕ್ಕೆ ಬಂದಾಗಲೇ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯುವ ಬ್ಯಾಕ್‌ವಾಶ್. ಮೊದಲಿದ್ದವರು ಪ್ರತಿ ಸೋಮವಾರ ಮಾಡುತ್ತಿದ್ದರು, ಒಂದು ಸಲಕ್ಕೆ 400 ಲೀಟರಾದರೂ ಹೋಗುತ್ತಿತ್ತು. ವಾಸ್ತವವಾಗಿ ತುಸು ಕೊಳೆ ಹಿಡಿದ ಮರಳು ಸಣ್ಣ ಕಣಗಳನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಈಗ ಬ್ಯಾಕ್‌ವಾಶ್ ನೀರು ಗುಂಡಿಯೊಂದರಲ್ಲಿ ಎರಡು ದಿನ ಬಿಸಿಲು ಕಂಡು ತೆಂಗಿನ ಬುಡಕ್ಕೆ ಹೋಗುತ್ತದೆ.

ಗೋಡೆ ಉಜ್ಜುವುದು ವಾರಕ್ಕೆ ಎರಡು ಸಲ. ಮೆಟ್ಟಿಲ ಮೂಲೆ, ಏಣಿಯ ಹಿಂಭಾಗ, ನೀರು ಸರಿಯಾಗಿ ಸುತ್ತದ ಕಡೆಗಳಲ್ಲೇ ಪಾಚಿ ಹುಟ್ಟುವುದು. ಬೆರಳಿಗೆ ಜಾರಿದರೆ ಸಾಕು, ಬಣ್ಣ ಬರುವ ಮೊದಲೇ ತಿಳಿಯುತ್ತದೆ.

ಯುಗಾದಿಯ ಹೊತ್ತಿಗೆ ಬೇವಿನ ಹೂವು, ಆಷಾಢದಲ್ಲಿ ಕೆಂಪು ಧೂಳು. ಹೂವನ್ನು ಉದ್ದ ಕೋಲಿನ ಬಲೆಯಿಂದ ಬೆಳಿಗ್ಗೆಯೇ ತೆಗೆಯುತ್ತೇನೆ, ಮುಳುಗಿ ಕೊಳೆತರೆ ಕ್ಲೋರಿನ್ ತಿನ್ನುತ್ತದೆ. ಧೂಳು ಅಷ್ಟು ಸುಲಭವಲ್ಲ. ಗಾಳಿ ಜೋರಾದ ವಾರದ ಕೊನೆಗೆ ರಾತ್ರಿ ಪಟಿಕದ ನೀರು ಹರಡಿ ಪಂಪ್ ನಿಲ್ಲಿಸುತ್ತೇನೆ. ಬೆಳಗಾಗುವಷ್ಟರಲ್ಲಿ ಧೂಳೆಲ್ಲ ತಳದಲ್ಲಿ ಕುಳಿತಿರುತ್ತದೆ. ಅದನ್ನು ಕಲಕದಂತೆ ಮೆಲ್ಲಗೆ ವ್ಯಾಕ್ಯೂಮ್‌ನಿಂದ ಹೊರಕ್ಕೆ ಎಳೆಯಬೇಕು.

ಎರಡನೆಯ ವರ್ಷ ಮತ್ತೊಮ್ಮೆ ನೀರು ಹಸಿರಾಯಿತು. ಪಂಪ್ ಕೆಟ್ಟು ಐದು ದಿನ ನಿಂತಿತ್ತು. ಈ ಸಲ ಚೆಲ್ಲಲಿಲ್ಲ. ಪಿಎಚ್ 7.2ಕ್ಕೆ ಇಳಿಸಿ, ಸಂಜೆ 4 ಲೀಟರ್ ದ್ರಾವಣ ಹಾಕಿ ಕ್ಲೋರಿನ್ 10ಕ್ಕೆ ಏರಿಸಿ, ದಿನಕ್ಕೆರಡು ಸಲ ಉಜ್ಜಿ, ಹಗಲೂ ರಾತ್ರಿ ಪಂಪ್ ಓಡಿಸಿದೆ. ಎರಡನೆಯ ದಿನ ಹಸಿರು ಬೂದು ಬಣ್ಣಕ್ಕೆ ತಿರುಗಿತು, ನಾಲ್ಕನೆಯ ದಿನ ತಳದ ಟೈಲ್ಸ್ ಕಂಡವು. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಅವ್ವನನ್ನು ನೀರಿಗೆ ಇಳಿಸಲಿಲ್ಲ. ಆಕೆ ದಿನವೂ ಬಂದು ದಂಡೆಯ ಮೇಲೆ ಕೂರುತ್ತಿದ್ದಳು.

ಬೇಸಿಗೆಯಲ್ಲಿ ತೆರೆದಿಟ್ಟ ಕೊಳ ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತಿತ್ತು, ಅಂದರೆ 320 ಲೀಟರ್. ಸೋರಿಕೆಯೋ ಎಂದು ಹೆದರಿ, ಮೆಟ್ಟಿಲ ಮೇಲೆ ಬಕೆಟ್ ಇಟ್ಟು ಕೊಳದ ಮಟ್ಟಕ್ಕೇ ನೀರು ತುಂಬಿ ಒಂದು ದಿನ ಬಿಟ್ಟೆ. ಎರಡೂ ಸಮನಾಗಿ ಇಳಿದಿದ್ದವು, ಸೋರಿಕೆಯಲ್ಲ, ಆವಿ. ಆವಿಯಾಗುವುದು ನೀರು ಮಾತ್ರ, ಸುಣ್ಣದಂಶ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಗಡಸು ನೀರು ಬಿಟ್ಟಷ್ಟೂ ಗಡಸುತನ ಏರುತ್ತಲೇ ಹೋಗುತ್ತದೆ. ಆದ್ದರಿಂದ ಬಳಸದ ಹೊತ್ತಿನಲ್ಲಿ ಹೊದಿಕೆ ಹಾಸುತ್ತೇವೆ. ಹೊದಿಕೆಯ ಕೆಳಗೆ ಮಗು ಜಾರಿದರೆ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಸುತ್ತ ಬೇಲಿ ಹಾಕಿಸಿ ಗೇಟಿಗೆ ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲೇ ಇರುತ್ತದೆ.

ಇಷ್ಟು ಮಾಡಿದರೂ ಕಳೆದ ಸೆಪ್ಟೆಂಬರಿಗೆ ಗಡಸುತನ 520 ಪಿಪಿಎಂ ಮುಟ್ಟಿತು. 400 ದಾಟಬಾರದು. ಕಾಲು ಭಾಗ ನೀರು ಬದಲಿಸಲೇಬೇಕಾಯಿತು. ನಮ್ಮಲ್ಲಿ ಒಳ್ಳೆಯ ಮಳೆ ಬರುವುದೇ ಆ ದಿನಗಳಲ್ಲಿ, ಚಾವಣಿಯ ನೀರನ್ನು ಕೊಳಕ್ಕೆ ತಿರುಗಿಸಲು ಪೈಪ್ ಸಿದ್ಧವಿತ್ತು. ಮೊದಲ ಮಳೆಯ ಕೊಳೆ ನೀರನ್ನು ಮಾತ್ರ ಹೊರಕ್ಕೆ ಬಿಟ್ಟೆವು. ಕ್ಲೋರಿನ್ ಹಾಕುವುದನ್ನು ಮೂರು ದಿನ ಮುಂಚೆ ನಿಲ್ಲಿಸಿ, ಅಳತೆ ಸೊನ್ನೆಗೆ ಬಂದ ಮೇಲೆ ಪಕ್ಕದ ಮನೆಗೆ ಹೋಗಿ, "ನಾಳೆ ಬೆಳಿಗ್ಗೆ ನೀರು ಬಿಡುತ್ತೇನಮ್ಮಾ, ಕುಡಿಯಲು ಬೇಡ, ಉಳಿದದ್ದಕ್ಕೆ ಬಳಸಿಕೊಳ್ಳಿ" ಎಂದೆ. ಮರುದಿನ ಆಕೆಯ ಎಮ್ಮೆಗಳು ಬಂದವು. ರಸ್ತೆಯ ತುದಿಯಲ್ಲಿ ಮನೆ ಕಟ್ಟಿಸುತ್ತಿದ್ದವರು ಪೈಪ್ ತಂದು ಗೋಡೆಗೆ ನೀರು ಹಾಯಿಸಿಕೊಂಡರು. ನೀರಿನ ಮೇಲ್ಪದರವನ್ನು ಎಳೆದುಕೊಳ್ಳುವ ಸ್ಕಿಮ್ಮರ್‌ನ ಬಾಯಿ ನೀರಿನಿಂದ ಮೇಲಾದ್ದರಿಂದ ಪಂಪ್ ತಳದ ಡ್ರೈನ್‌ನಿಂದ ಮಾತ್ರ ಎಳೆಯುವಂತೆ ವಾಲ್ವ್ ತಿರುಗಿಸಿದೆ. ಎರಡು ವಾರದ ಮಳೆಗೆ ಕೊಳ ಮತ್ತೆ ಅಂಚಿಗೆ ಬಂತು. ಆ ಸಂಜೆ ಡೈರಿಯಲ್ಲಿ ಬರೆದುಕೊಂಡ ಗಡಸುತನ 390.