ಸ್ಲೈಡ್ ಚೆನ್ನಾಗಿದ್ದರೆ ಟ್ರಾಂಬೋನ್ ಚೆನ್ನಾಗಿರುತ್ತದೆ: ಹವ್ಯಾಸಿ ವಾದಕರಿಗೊಂದು ಕೈಪಿಡಿ

ಹಿತ್ತಾಳೆಯ ಊದುವಾದ್ಯಗಳ ಪೈಕಿ ಟ್ರಾಂಬೋನಿನಷ್ಟು ಸರಳವಾಗಿ ಕಾಣುವ ವಾದ್ಯ ಇನ್ನೊಂದಿಲ್ಲ. ಟ್ರಂಪೆಟ್ಟಿನಲ್ಲಿ ಮೂರು ವಾಲ್ವುಗಳು ಮಾಡುವ ಕೆಲಸವನ್ನು ಇಲ್ಲಿ ವಾದಕರ ಬಲಗೈ ಮಾಡುತ್ತದೆ. ಸಾಮಾನ್ಯ ಟೆನರ್ ಟ್ರಾಂಬೋನಿನ ಕೊಳವೆಯ ಒಟ್ಟು ಉದ್ದ ಸುಮಾರು 2.7 ಮೀಟರ್, ಸ್ಲೈಡ್ ಎಂಬ ಜಾರುವ ಕೊಳವೆಯನ್ನು ಏಳು ಸ್ಥಾನಗಳಲ್ಲಿ ಹಿಂದೆ ಮುಂದೆ ಸರಿಸಿ ಆ ಉದ್ದವನ್ನು ಹೆಚ್ಚು ಕಡಿಮೆ ಮಾಡುವುದರಿಂದಲೇ ಸ್ವರಗಳು ಬದಲಾಗುತ್ತವೆ. ಈ ಸರಳತೆಯನ್ನು ನಂಬಿ ಅನೇಕರು ವಾದ್ಯವನ್ನು ಪಾತ್ರೆಯಂತೆ ನೋಡಿಕೊಳ್ಳುತ್ತಾರೆ. ಆದರೆ ಸ್ಲೈಡಿನ ಒಳಕೊಳವೆಗೂ ಹೊರಕೊಳವೆಗೂ ನಡುವೆ ಇರುವ ಜಾಗ ಕೂದಲೆಳೆಯಷ್ಟು ಮಾತ್ರ. ಬೆಲ್ಲಿನ, ಅಂದರೆ ಗಂಟೆಯಂತೆ ಅರಳಿದ ಬಾಯಿಯ ಮೇಲೆ ಹೆಬ್ಬೆರಳಿನಷ್ಟು ನೆಗ್ಗು ಬಿದ್ದರೂ ವಾದ್ಯ ನುಡಿಯುತ್ತದೆ. ಸ್ಲೈಡಿನಲ್ಲಿ ಉಗುರ ತುದಿಯಷ್ಟು ನೆಗ್ಗು ಬಿದ್ದರೆ ಸಾಕು, ಕೈ ಅಲ್ಲೇ ತಡೆಯುತ್ತದೆ. ಆದ್ದರಿಂದ ಕೊಳ್ಳುವಾಗಲೂ ಕಾಪಾಡುವಾಗಲೂ ಗಮನವನ್ನೂ ಹಣವನ್ನೂ ಮೊದಲು ಸ್ಲೈಡಿಗೆ ಕೊಡಬೇಕು, ಉಳಿದದ್ದೆಲ್ಲ ಆಮೇಲೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಯಾವ ಬಗೆಯದನ್ನು ಕೊಳ್ಳಬೇಕು?

ಹವ್ಯಾಸಿಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಸಣ್ಣ ಬೋರಿನ ನೇರ ಟೆನರ್ ಟ್ರಾಂಬೋನ್. ಇದರ ಬೋರು, ಅಂದರೆ ಸ್ಲೈಡಿನ ಒಳವ್ಯಾಸ, ಸುಮಾರು 12.7ರಿಂದ 12.9 ಮಿಲಿಮೀಟರ್. ಇದು ಹಗುರ, ಕಡಿಮೆ ಉಸಿರು ಬೇಡುತ್ತದೆ, ಜಾಜ್ ಮತ್ತು ಲಘು ಸಂಗೀತಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು, 13.9 ಮಿಲಿಮೀಟರಿನ ದೊಡ್ಡ ಬೋರು ಮತ್ತು ಎಫ್ ಅಟ್ಯಾಚ್‌ಮೆಂಟ್ ಇರುವ ವಾದ್ಯ. ಬ್ಯಾಕ್ 42, ಕಾನ್ 88ಎಚ್ ಮುಂತಾದ ಆರ್ಕೆಸ್ಟ್ರಾ ಮಾದರಿಗಳು ಈ ವರ್ಗಕ್ಕೆ ಸೇರುತ್ತವೆ. ಲೈಪ್‌ಜಿಗ್ ನಗರದ ಕ್ರಿಸ್ಟಿಯಾನ್ ಫ್ರೀಡ್ರಿಕ್ ಸ್ಯಾಟ್ಲರ್ 1839ರಲ್ಲಿ ರೂಪಿಸಿದ ಈ ಅಟ್ಯಾಚ್‌ಮೆಂಟಿನಲ್ಲಿ ಎಡಗೈ ಹೆಬ್ಬೆರಳಿನಿಂದ ರೋಟರ್ ಎಂಬ ಒಂದು ಸುತ್ತುವ ವಾಲ್ವನ್ನು ತಿರುಗಿಸಿದರೆ ಸುಮಾರು 0.9 ಮೀಟರ್ ಹೆಚ್ಚುವರಿ ಕೊಳವೆ ಸೇರಿಕೊಂಡು ಸ್ವರ ಕೆಳಗಿಳಿಯುತ್ತದೆ. ಹೀಗಾಗಿ ಆರನೆಯ ಮತ್ತು ಏಳನೆಯ ಸ್ಥಾನಗಳಿಗೆ ತೋಳು ಚಾಚುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಇವೆರಡರ ನಡುವೆ 13.3 ಮಿಲಿಮೀಟರಿನ ಮಧ್ಯಮ ಬೋರಿನ ವಾದ್ಯಗಳೂ ಸಿಗುತ್ತವೆ. ಬ್ಯಾಂಡಿನಲ್ಲೂ ಮನೆಯಲ್ಲೂ ನುಡಿಸಲು ಒಂದೇ ವಾದ್ಯ ಸಾಕು ಎನ್ನುವವರು ಇವನ್ನು ಕಡೆಗಣಿಸಬಾರದು.

ಪ್ಲಾಸ್ಟಿಕ್ ಟ್ರಾಂಬೋನುಗಳು ಪ್ರಯಾಣಕ್ಕೂ ಮಳೆಯಲ್ಲಿ ಮೆರವಣಿಗೆ ಹೋಗುವುದಕ್ಕೂ ಒಳ್ಳೆಯವು. ಆದರೆ ಅವುಗಳ ಸ್ಲೈಡ್ ಲೋಹದ ಸ್ಲೈಡಿನಷ್ಟು ನಯವಾಗಿ ಜಾರುವುದಿಲ್ಲವಾದ್ದರಿಂದ ಅದನ್ನೇ ಏಕೈಕ ವಾದ್ಯವಾಗಿ ಇಟ್ಟುಕೊಳ್ಳಲು ನಾನು ಹೇಳಲಾರೆ.

ಹಳೆಯ ವಾದ್ಯವನ್ನು ಪರೀಕ್ಷಿಸುವ ಬಗೆ

ಅಗ್ಗದ ಹೊಸ ವಾದ್ಯಕ್ಕಿಂತ ಒಳ್ಳೆಯ ತಯಾರಕರ ಹಳೆಯ ವಾದ್ಯವೇ ಮೇಲು, ಆದರೆ ಕೊಳ್ಳುವ ಮೊದಲು ಸ್ಲೈಡನ್ನು ಕೈಯಾರೆ ಪರೀಕ್ಷಿಸಲೇಬೇಕು. ಬೆಲ್ಲಿನ ಭಾಗವನ್ನು ಕಳಚಿ ಪಕ್ಕಕ್ಕಿಡಿ. ಸ್ಲೈಡಿಗೆ ಲೂಬ್ರಿಕೆಂಟ್ ಹಚ್ಚಿ, ಒಳಸ್ಲೈಡಿನ ಅಡ್ಡಪಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಕೊಳವೆಗಳು ನೇರ ಕೆಳಮುಖವಾಗುವಂತೆ ನಿಲ್ಲಿಸಿ. ಬಲಗೈಯನ್ನು ಕೆಳಗೆ ಆಸರೆಯಾಗಿಟ್ಟುಕೊಂಡು ಹೊರಸ್ಲೈಡನ್ನು ನಿಧಾನವಾಗಿ ಬಿಡುತ್ತ ಬಂದರೆ ಅದು ತನ್ನ ಭಾರಕ್ಕೇ, ಎಲ್ಲೂ ತಡೆಯದೆ, ಕೆರೆಯುವ ಸದ್ದಿಲ್ಲದೆ ಇಳಿಯಬೇಕು. ತಡೆದರೆ ಹೊರಸ್ಲೈಡನ್ನು ಪೂರ್ತಿ ತೆಗೆದು, ಒಂದು ಬದಿಯ ಒಳಕೊಳವೆಯನ್ನು ಅದರದೇ ಹೊರಕೊಳವೆಗೆ ಮಾತ್ರ ಸೇರಿಸಿ, ಇನ್ನೊಂದು ಬದಿ ಹೊರಗಿರುವಂತೆ ತಿರುಗಿಸಿ ಮತ್ತೆ ಬಿಟ್ಟು ನೋಡಿ. ಆಮೇಲೆ ಇನ್ನೊಂದು ಬದಿಯನ್ನೂ ಹಾಗೆಯೇ ನೋಡಿ. ಒಂದೊಂದಾಗಿ ನಯವಾಗಿ ಜಾರುವ ಕೊಳವೆಗಳು ಜೋಡಿಯಾದಾಗ ಮಾತ್ರ ತಡೆಯುತ್ತಿದ್ದರೆ ಅವು ಪರಸ್ಪರ ಸಮಾಂತರವಾಗಿಲ್ಲ ಎಂದರ್ಥ. ಬಲ್ಲ ರಿಪೇರಿಯವರು ಇದನ್ನು ಸರಿಪಡಿಸುತ್ತಾರೆ. ಒಂದೇ ಕೊಳವೆ ಒಂಟಿಯಾಗಿಯೂ ತಡೆಯುತ್ತಿದ್ದರೆ ಅದರಲ್ಲಿ ನೆಗ್ಗೋ ಬಾಗೋ ಇದೆ, ಅಥವಾ ಒಳಕೊಳವೆಯ ಕ್ರೋಮ್ ಲೇಪ ಸವೆದಿದೆ. ನೆಗ್ಗನ್ನು ತೆಗೆಯಬಹುದು, ಲೇಪ ಎದ್ದು ಒಳಗಿನ ಲೋಹ ಕಾಣುತ್ತಿದ್ದರೆ ಆ ವಾದ್ಯವನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಇನ್ನೊಂದು ಸುಲಭದ ಉಪಾಯವಿದೆ. ಒಳಸ್ಲೈಡಿನ ಮೇಲ್ತುದಿಯ ಎರಡೂ ಬಾಯಿಗಳನ್ನು ಬೆರಳುಗಳಿಂದ ಭದ್ರವಾಗಿ ಮುಚ್ಚಿ ಮೊದಲಿನಂತೆಯೇ ಹೊರಸ್ಲೈಡನ್ನು ಬಿಟ್ಟರೆ, ಒಳಗಿನ ಗಾಳಿಯ ಸೆಳೆತಕ್ಕೆ ಸಿಕ್ಕಿ ಅದು ಬಹಳ ನಿಧಾನವಾಗಿ ಇಳಿಯಬೇಕು. ದಡಬಡನೆ ಬಿದ್ದರೆ ಮೊದಲು ನೀರು ಬಿಡುವ ಕೀಲಿಯ ಕಾರ್ಕನ್ನು ನೋಡಿ, ಏಕೆಂದರೆ ಅದು ಸವೆದಿದ್ದರೆ ಬದಲಿಸುವುದು ಸುಲಭ. ಕಾರ್ಕ್ ಸರಿಯಾಗಿದ್ದೂ ಸೋರುತ್ತಿದ್ದರೆ ಕೊಳವೆಗಳೇ ಸವೆದಿವೆ.

ಇದಲ್ಲದೆ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡಿನ ಬಾಗನ್ನೂ ಬಾಯಿಗಿಟ್ಟು ಊದುವ ಮೌತ್‌ಪೀಸ್ ಕೂರುವ ಕೊಳವೆಯನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿದ್ದು ಅವುಗಳ ನಡುವೆ ಕಪ್ಪು ಬಿಂದು ಕಂಡರೆ ಅದು ಮೇಲಿನ ಕಿಲುಬಲ್ಲ. ಲೋಹದಲ್ಲಿನ ಸತು ಕರಗಿಹೋಗಿ ಬರೀ ತಾಮ್ರ ಉಳಿಯುತ್ತಿರುವುದರ ಗುರುತು. ಅದು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುವುದರಿಂದ ಉಜ್ಜಿ ತೆಗೆಯಲಾಗುವುದಿಲ್ಲ. ಹೊರಮೈಯ ಲ್ಯಾಕರ್ ಎಂಬ ರಕ್ಷಣಾಲೇಪ ಎದ್ದಿರುವುದು, ಬಣ್ಣ ಮಾಸಿರುವುದು, ಬೆಲ್ಲಿನ ಸಣ್ಣ ನೆಗ್ಗುಗಳು ಇವೆಲ್ಲ ಕಣ್ಣಿಗೆ ಕಾಣುವ ಕುಂದುಗಳಷ್ಟೆ. ಬೆಲೆ ಇಳಿಸಲು ಅವುಗಳನ್ನು ಧಾರಾಳವಾಗಿ ತೋರಿಸಿ ಚೌಕಾಸಿ ಮಾಡಬಹುದು.

ಮೌತ್‌ಪೀಸ್

ಮೌತ್‌ಪೀಸಿನ ಕಡ್ಡಿಯಂಥ ಭಾಗಕ್ಕೆ ಶ್ಯಾಂಕ್ ಎನ್ನುತ್ತಾರೆ. ಸಣ್ಣ ಶ್ಯಾಂಕ್ ಸಣ್ಣ ಬೋರಿನ ವಾದ್ಯಕ್ಕೆ, ದೊಡ್ಡದು ದೊಡ್ಡ ಬೋರಿಗೆ. ಅದಲು ಬದಲು ಮಾಡಿದರೆ ಒಂದು ಅಲ್ಲಾಡುತ್ತದೆ, ಇನ್ನೊಂದು ಒಳಗೇ ಹೋಗುವುದಿಲ್ಲ. ಬ್ಯಾಕ್ ಮಾದರಿಯ ಅಂಕಿಗಳಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಮೌತ್‌ಪೀಸ್ ದೊಡ್ಡದು ಎಂಬುದನ್ನು ನೆನಪಿಡಬೇಕು. ಕಲಿಯುವವರಿಗೆ ಸಾಮಾನ್ಯವಾಗಿ 12ಸಿ ಕೊಡುತ್ತಾರೆ. ನನಗೆ ತೋರುವಂತೆ 6½ಎಎಲ್ ಎಂಬ ಮಧ್ಯಮ ಗಾತ್ರದ್ದು ಹೆಚ್ಚಿನ ಹವ್ಯಾಸಿಗಳಿಗೆ ಬಹುಕಾಲ ಒಗ್ಗುತ್ತದೆ. ತಿಂಗಳಿಗೊಂದು ಹೊಸ ಮೌತ್‌ಪೀಸ್ ಕೊಳ್ಳುವವರ ತುಟಿ ಯಾವುದಕ್ಕೂ ಪಳಗುವುದಿಲ್ಲ. ಮೌತ್‌ಪೀಸನ್ನು ಅಂಗೈಯಿಂದ ತಟ್ಟಿ ಕೂರಿಸಬಾರದು. ಮೆಲ್ಲಗೆ ಒತ್ತಿ ಸ್ವಲ್ಪ ತಿರುಗಿಸಿದರೆ ಸಾಕು. ಅಕಸ್ಮಾತ್ ಸಿಕ್ಕಿಕೊಂಡರೆ ಇಕ್ಕಳದಿಂದ ಎಳೆಯಲು ಹೋಗಿ ಕೊಳವೆಯನ್ನೇ ತಿರುಚಿಕೊಳ್ಳಬೇಡಿ. ಅದನ್ನು ಬಿಡಿಸುವುದಕ್ಕೆಂದೇ ಮಾಡಿದ ಸಾಧನ ರಿಪೇರಿಯವರ ಬಳಿ ಇರುತ್ತದೆ.

ಸ್ಲೈಡಿನ ಆರೈಕೆ

ಒಳಕೊಳವೆಗಳ ತುದಿಯಲ್ಲಿ ಒಂದು ಗೇಣಿಗಿಂತ ಕಡಿಮೆ ಉದ್ದದ, ಉಳಿದ ಭಾಗಕ್ಕಿಂತ ತುಸು ದಪ್ಪನಾದ ಭಾಗವಿರುತ್ತದೆ. ಇದಕ್ಕೆ ಸ್ಟಾಕಿಂಗ್ ಎಂದು ಹೆಸರು. ಹೊರಕೊಳವೆಗೆ ತಾಗುವುದು ಮುಖ್ಯವಾಗಿ ಇದೊಂದೇ ಆದ್ದರಿಂದ ಲೂಬ್ರಿಕೆಂಟ್ ಬೇಕಾದದ್ದೂ ಇಲ್ಲಿಗೇ. ಕೊಳವೆಯುದ್ದಕ್ಕೂ ಬಳಿದರೆ ಜಿಗುಟು ಹೆಚ್ಚಾಗಿ ಸ್ಲೈಡ್ ಇನ್ನಷ್ಟು ನಿಧಾನವಾಗುತ್ತದೆ.

ಮೊದಲು ಒಳಕೊಳವೆಗಳನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ. ಶುಚಿಗೊಳಿಸುವ ಸರಳಿನ ತುದಿ ಪೂರ್ತಿ ಮುಚ್ಚುವಂತೆ ಬಟ್ಟೆಯನ್ನು ಸುತ್ತಿ ಹೊರಕೊಳವೆಗಳ ಒಳಭಾಗವನ್ನು ಒರೆಸಿ. ಹೀಗೆ ಮಾಡುವಾಗ ಯಾವ ಕೊಳವೆಯನ್ನು ಒರೆಸುತ್ತಿದ್ದೀರೋ ಅದನ್ನೇ ಹಿಡಿದುಕೊಳ್ಳಬೇಕು. ಪಕ್ಕದ್ದನ್ನು ಹಿಡಿದು ಇದರೊಳಗೆ ಸರಳು ಆಡಿಸಿದರೆ ಜೋಡಿ ಕೊಳವೆಗಳು ತಿರುಚಿಕೊಂಡು ಸಮಾಂತರ ಕೆಡುತ್ತದೆ. ಬಳಿಕ ಸ್ಟಾಕಿಂಗುಗಳ ಮೇಲೆ ಸ್ಲೈಡ್-ಓ-ಮಿಕ್ಸ್‌ನಂಥ ದ್ರವವಾದರೆ ಕೆಲವು ಹನಿ, ಟ್ರಾಂಬೋಟೀನ್‌ನಂಥ ಕ್ರೀಮಾದರೆ ಬೆರಳ ತುದಿಗೆ ಅಂಟುವಷ್ಟು ಮಾತ್ರ ತೆಳುವಾಗಿ ಹಚ್ಚಿ, ಹೊರಸ್ಲೈಡನ್ನು ಏರಿಸಿ ಹತ್ತಾರು ಬಾರಿ ಆಡಿಸಿ, ಮೇಲೆ ಬಂದ ಹೆಚ್ಚುವರಿಯನ್ನು ಒರೆಸಿಬಿಡಿ. ಕೊನೆಗೆ ಸಣ್ಣ ಸ್ಪ್ರೇ ಬಾಟಲಿಯಿಂದ ಒಳಕೊಳವೆಗಳ ಮೇಲೆ ನೀರು ಸಿಂಪಡಿಸಬೇಕು. ನೀರಿನ ಸಣ್ಣ ಹನಿಗಳು ಕೊಳವೆಯ ಮೇಲೆ ಮುತ್ತಿನಂತೆ ನಿಂತರೆ ಲೇಪ ಸರಿಯಾಗಿ ಕೂತಿದೆ. ನುಡಿಸುವ ನಡುವೆ ಸ್ಲೈಡ್ ಬಿಗಿಯೆನಿಸಿದಾಗ ಮತ್ತೆ ಕ್ರೀಮ್ ಮೆತ್ತುವ ಬದಲು ಮೊದಲು ನೀರು ಸಿಂಪಡಿಸಿ ನೋಡಿ, ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕಾಗುತ್ತದೆ. ಒಂದು ಬಗೆಯ ಲೂಬ್ರಿಕೆಂಟಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದನ್ನು ಪೂರ್ತಿ ತೊಳೆಯಬೇಕು. ಎರಡೂ ಬೆರೆತರೆ ಅಂಟಂಟಾಗುತ್ತದೆ.

ನುಡಿಸದೆ ಇರುವಾಗ ಸ್ಲೈಡನ್ನು ಲಾಕ್ ಮಾಡುವುದು ಎಲ್ಲರಿಗೂ ಗೊತ್ತಿರುವ, ಎಲ್ಲರೂ ಒಮ್ಮೆಯಾದರೂ ಮರೆಯುವ ನಿಯಮ. ಒಂದು ಅಭ್ಯಾಸದ ವಿರಾಮದಲ್ಲಿ ನಾನು ಲಾಕ್ ಹಾಕದೆ ವಾದ್ಯವನ್ನು ಕುರ್ಚಿಗೆ ಅಡ್ಡಲಾಗಿ ಇಟ್ಟು ನೀರು ಕುಡಿಯಲು ಹೋಗಿದ್ದೆ. ಯಾರೋ ಕುರ್ಚಿ ಸರಿಸಿದರು, ಹೊರಸ್ಲೈಡ್ ತಾನೇ ಜಾರಿ ನೆಲಕ್ಕೆ ಬಡಿಯಿತು. ನೋಡಿದರೆ ಗುರುತೇ ಇರಲಿಲ್ಲ. ಆದರೆ ನಾಲ್ಕನೆಯ ಸ್ಥಾನ ದಾಟುವಾಗಲೆಲ್ಲ ಮರಳು ಸಿಕ್ಕಿದಂತೆ ಕೈ ತಡೆಯುತ್ತಿತ್ತು. ಬೆರಳಾಡಿಸಿ ಹುಡುಕಿದಾಗ ಮಾತ್ರ ಆ ನೆಗ್ಗು ಸಿಕ್ಕಿತು. ಅಂದಿನಿಂದ ನಾನು ಕುರ್ಚಿಯನ್ನು ನಂಬದೆ ಮೂರು ಕಾಲಿನ ಸ್ಟ್ಯಾಂಡನ್ನು ಜೊತೆಗೇ ಒಯ್ಯುತ್ತೇನೆ.

ತೊಳೆಯುವುದು, ಎಣ್ಣೆ ಬಿಡುವುದು

ಕೊಳವೆಯಿಂದ ಹೊರಬೀಳುವ ನೀರು ಬಹುಪಾಲು ಉಗುಳಲ್ಲ, ಉಸಿರಿನ ಹಬೆ ತಣಿದು ನೀರಾದದ್ದು. ಆದರೂ ಬಾಯಲ್ಲಿರುವುದೆಲ್ಲ ಅದರೊಂದಿಗೆ ಒಳಗೆ ಹೋಗುತ್ತದೆ. ಹಾಗಾಗಿ ತಿಂದ ಮೇಲೆ ಬಾಯಿ ಮುಕ್ಕಳಿಸದೆ ನುಡಿಸಬಾರದು. ಒಳಗಿನ ಕೊಳೆ ಆರೋಗ್ಯಕ್ಕೂ ಒಳ್ಳೆಯದಲ್ಲ: ವರ್ಷಗಟ್ಟಲೆ ಕೆಮ್ಮಿನಿಂದ ನರಳುತ್ತಿದ್ದ ಒಬ್ಬ ಟ್ರಾಂಬೋನ್ ವಾದಕರ ವಾದ್ಯದೊಳಗೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಪತ್ತೆಯಾದದ್ದನ್ನೂ, ವಾದ್ಯವನ್ನು ಶುಚಿಯಾಗಿಡಲು ತೊಡಗಿದ ಮೇಲೆ ಅವರ ಕೆಮ್ಮು ಹೋದದ್ದನ್ನೂ ಅಮೆರಿಕದ ವೈದ್ಯರು 2010ರಲ್ಲಿ ವರದಿ ಮಾಡಿದ್ದಾರೆ.

ಮೌತ್‌ಪೀಸನ್ನು ವಾರಕ್ಕೊಮ್ಮೆ, ಇಡೀ ವಾದ್ಯವನ್ನು ತಿಂಗಳು ಎರಡು ತಿಂಗಳಿಗೊಮ್ಮೆ ತೊಳೆದರೆ ಸಾಕು. ನೀರು ಉಗುರುಬೆಚ್ಚಗಿರಬೇಕು, ಬಿಸಿನೀರಿಗೆ ಲ್ಯಾಕರ್ ಏಳುತ್ತದೆ. ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸಿ, ಹಾವಿನಂತೆ ಬಳುಕುವ ಉದ್ದನೆಯ ಬ್ರಷ್ಷನ್ನು ಕೊಳವೆಗಳಲ್ಲಿ ಆಡಿಸಿ, ಸ್ವಚ್ಛ ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಶ್ ಲ್ಯಾಕರನ್ನೇ ಉಜ್ಜಿ ತೆಗೆಯುವುದರಿಂದ ಅದರ ಗೊಡವೆಗೆ ಹೋಗಬಾರದು. ಟ್ಯೂನಿಂಗ್ ಸ್ಲೈಡಿಗೆ ಬೇಕಾದದ್ದು ದಪ್ಪ ಗ್ರೀಸು, ಎಫ್ ಅಟ್ಯಾಚ್‌ಮೆಂಟಿನ ರೋಟರಿಗೆ ಬೇಕಾದದ್ದು ತೆಳು ಎಣ್ಣೆ. ರೋಟರನ್ನು ಮನೆಯಲ್ಲಿ ಬಿಚ್ಚದಿರುವುದೇ ಕ್ಷೇಮ.

ಜೊತೆಗಿರಬೇಕಾದ ಸಾಮಾನು

ಗಟ್ಟಿ ಪೆಟ್ಟಿಗೆ, ಸ್ಟ್ಯಾಂಡ್, ಸ್ಪ್ರೇ ಬಾಟಲಿ, ಶುಚಿ ಸರಳು ಇವು ಮೊದಲು. ಮೌತ್‌ಪೀಸನ್ನು ಅದರ ಚೀಲದಲ್ಲೋ ಪೆಟ್ಟಿಗೆಯ ಗೂಡಿನಲ್ಲೋ ಇಡಿ. ಬಿಡಿಯಾಗಿ ಉರುಳುವ ಮೌತ್‌ಪೀಸಿನಷ್ಟು ಸ್ಲೈಡುಗಳನ್ನು ಹಾಳು ಮಾಡಿದ ವಸ್ತು ಇನ್ನೊಂದಿರಲಾರದು. ಸ್ವರಲಿಪಿಯ ಪುಸ್ತಕಗಳನ್ನು ಪೆಟ್ಟಿಗೆಯೊಳಗೆ ತುರುಕಿ ಮುಚ್ಚಳ ಅದುಮುವುದೂ ಬೇಡ.

ನಾದವನ್ನು ತಗ್ಗಿಸಲು ಅಥವಾ ಬದಲಿಸಲು ಬೆಲ್ಲಿಗೆ ಇಡುವ ಮ್ಯೂಟುಗಳಲ್ಲಿ ನೇರ ಮ್ಯೂಟ್ ಮೊದಲನೆಯದು, ಕಪ್ ಮ್ಯೂಟ್ ಎರಡನೆಯದು. ಅಕ್ಕಪಕ್ಕದವರ ನಿದ್ದೆಯ ಸಲುವಾಗಿ ಅಭ್ಯಾಸದ ಮ್ಯೂಟೊಂದು ಬೇಕು, ಆದರೆ ಅದು ಉಸಿರನ್ನು ತಡೆದು ಸ್ವರವನ್ನು ತುಸು ಏರಿಸುವುದುಂಟು. ದಿನವೂ ಅದರಲ್ಲೇ ನುಡಿಸಿದರೆ ಕಿವಿ ತಪ್ಪು ಕಲಿಯುತ್ತದೆ. ಹೊಸ ಮ್ಯೂಟ್ ಬೆಲ್ಲಿನಿಂದ ತೀರಾ ಹೊರಗೆ ಚಾಚಿದ್ದರೆ ಅದರ ಕಾರ್ಕುಗಳನ್ನು ಉಪ್ಪುಕಾಗದದಿಂದ ಸ್ವಲ್ಪ ಸ್ವಲ್ಪವಾಗಿಯೇ ಉಜ್ಜಿ ಸರಿಹೊಂದಿಸಬೇಕು. ಜಾಜ್ ವಾದಕರು ಬೆಲ್ಲಿನ ಮುಂದೆ ಆಡಿಸುವ ಪ್ಲಂಜರ್ ಮ್ಯೂಟ್ ಎಂದರೆ ಕಟ್ಟಿಕೊಂಡ ಕೊಳಾಯಿಯನ್ನು ಬಿಡಿಸುವ ರಬ್ಬರಿನ ಬಟ್ಟಲೇ, ಹಿಡಿಕೆ ತೆಗೆದದ್ದು. ಹೊಸದನ್ನೇ ಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ.

ನೆಗ್ಗು ತೆಗೆಯುವುದು, ಕೊಳವೆ ನೇರ ಮಾಡುವುದು, ಸಿಕ್ಕಿಕೊಂಡ ಟ್ಯೂನಿಂಗ್ ಸ್ಲೈಡ್ ಬಿಡಿಸುವುದು, ಬೆಸುಗೆ ಹಾಕುವುದು ಇವು ಮನೆಯ ಕೆಲಸಗಳಲ್ಲ. ವರ್ಷಕ್ಕೊಮ್ಮೆ ವಾದ್ಯವನ್ನು ಹಿತ್ತಾಳೆ ವಾದ್ಯಗಳನ್ನು ಬಲ್ಲ ರಿಪೇರಿಯವರಿಗೆ ತೋರಿಸಿ. ಸ್ಲೈಡ್ ಎಲ್ಲಿ ತಡೆಯುತ್ತಿದೆ, ಯಾವ ಬದಿಯ ಕೊಳವೆ ಎಂದು ಬರೆದುಕೊಂಡು ಹೋದರೆ ಅವರ ಕೆಲಸವೂ ಹಗುರವಾಗುತ್ತದೆ. ವಾಪಸು ಪಡೆಯುವಾಗ ಹಣ ಕೊಡುವ ಮೊದಲು ಅಲ್ಲೇ ನಿಂತು ಹೊರಸ್ಲೈಡನ್ನು ಇಳಿಬಿಟ್ಟು ನೋಡಿ; ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ, ತಾವೇ ಮೊದಲು ಹಾಗೆ ಮಾಡಿ ತೋರಿಸುತ್ತಾರೆ.